ತಲುಪದ ಓಲೆ, ಉತ್ತರ ಬಾರದ ಅಹವಾಲು: ತಾಳಗುಂದ ಸೀಮೆಯ ಅಂಚೆಯ ಹಿಂದುಮುಂದು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಅರೆಮಲೆನಾಡಿನಲ್ಲಿ ಕಾಗದ ಪತ್ರ ಓಡಾಡಿದ ಚರಿತ್ರೆಗೆ ಎರಡು ಎಳೆಗಳಿವೆ. ಒಂದು ಓಲೆ ಒಯ್ದವರದು. ಇನ್ನೊಂದು, ಓಲೆ ತಲುಪದೇ ಹೋದಾಗ ಯಾರ ಬಾಗಿಲು ತಟ್ಟಬೇಕೆಂಬುದರದು. ಮೊದಲನೆಯ ಎಳೆ ಹೆಮ್ಮೆಯದು: ಹರಕಾರನ ಕಾಲು, ಎತ್ತಿನ ಗಾಡಿ, ರೈಲು, ಬಸ್ಸು, ಸೈಕಲ್ಲು, ಕೊನೆಗೆ ಮಿಂಚಂಚೆ ಎಂದು ವೇಗ ಏರುತ್ತಲೇ ಬಂದಿದೆ. ಎರಡನೆಯದರಲ್ಲಿ ಅಂಥ ಏರಿಕೆ ಕಾಣುವುದಿಲ್ಲ. ಉತ್ತರ ಹೇಳಬೇಕಾದ ಕಚೇರಿ ಕಾಲಕಾಲಕ್ಕೆ ಊರಿಂದ ದೂರ ಸರಿಯುತ್ತ, ಒಮ್ಮೆ ಬೆಂಗಳೂರಿಗೆ, ಒಮ್ಮೆ ಕಲ್ಕತ್ತೆಗೆ, ಈಗ ಸಮುದ್ರದಾಚೆಗೆ ಹೋಗಿ ಕೂತಿದೆ.

ಈ ಸೀಮೆಯ ಅತಿ ಹಳೆಯ ಬರಹಗಳಲ್ಲೊಂದು ಒಯ್ಯುವವನನ್ನೇ ಬೇಡದ ಬರಹ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಲ್ಲುಕಂಬದ ಮೇಲೆ ಕದಂಬ ಶಾಂತಿವರ್ಮನ ಕಾಲದಲ್ಲಿ, 5ನೆಯ ಶತಮಾನದ ನಡುಭಾಗದ ಸುಮಾರಿಗೆ, ಕುಬ್ಜನೆಂಬ ಕವಿಯ 34 ಸಂಸ್ಕೃತ ಪದ್ಯಗಳು ಮೂಡಿದವು. ಊರಿನ ಆಗಿನ ಹೆಸರು ಸ್ಥಾನಕುಂದೂರು. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದು ಶಾಸನಕ್ಕೆ ನಿಮಿತ್ತ. ಅದರಲ್ಲಿ ಬರುವ ಮಯೂರಶರ್ಮನ ವೃತ್ತಾಂತ ಮಾತ್ರ ನಿಮಿತ್ತಕ್ಕಿಂತ ಹೆಚ್ಚು ಪ್ರಸಿದ್ಧವಾಯಿತು. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆಯವರೊಂದಿಗೆ ಜಗಳವಾಯಿತು. ನ್ಯಾಯ ಕೇಳುವ ಜಾಗ ಅವನಿಗೆ ಕಾಣಲಿಲ್ಲ. ದರ್ಭೆ ಸಮಿತ್ತು ಹಿಡಿದ ಕೈ ಕತ್ತಿಗೆ ಹೋಯಿತು. ಶ್ರೀಪರ್ವತದ ಕಾಡಿನಲ್ಲಿ ನೆಲೆಯೂರಿ ಪಲ್ಲವರ ಗಡಿ ಕಾಯುವವರನ್ನು ಸೋಲಿಸಿದ ಮೇಲೆ ಕಂಚಿಯವರೇ ಅವನನ್ನು ಅರಸನೆಂದು ಒಪ್ಪಿಕೊಂಡರು. ರಾಜ್ಯವೊಂದು ಹುಟ್ಟಿದ ಈ ಕಥೆಯನ್ನು, ಕೇಳುವವರಿಲ್ಲದ ದೂರಿನ ಕಥೆಯೆಂದೂ ಓದಬಹುದು.

ಅದೇ ಶಾಸನದ ಕೊನೆಯಲ್ಲಿ ಇನ್ನೊಂದು ಸಂಗತಿಯಿದೆ. ಕುಬ್ಜ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನಂತೆ. ಕವಿಗೂ ಕಲ್ಲಿಗೂ ನಡುವೆ ಲಿಪಿಕಾರನಿಲ್ಲ, ಕಲ್ಲಿಗೂ ಓದುಗನಿಗೂ ನಡುವೆ ಓಲೆಕಾರನಿಲ್ಲ. ಕಂಬ ಇಟ್ಟ ವಿಳಾಸ ಬಿಟ್ಟು ಕದಲಲಿಲ್ಲ. ಆದರೂ ಅದರ ಪೇಟಿಕಾಶಿರ ಅಕ್ಷರಗಳನ್ನು ಓದುವವರು ಊರಿನಲ್ಲಿ ಇಲ್ಲವಾದರು. 1894ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಕಣ್ಣಿಗೆ ಬೀಳುವ ತನಕ ಒಕ್ಕಣೆ ಕಂಬದಲ್ಲೇ ಕಾದಿತ್ತು. 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಅಚ್ಚಾಯಿತು. ತಡವಾದರೂ ಅಕ್ಷರ ಕೆಡದೆ ತಲುಪಿದ ಓಲೆ ಅದು.

ನಡೆದಾಡುವ ಓಲೆಗಳ ಕಥೆ ಬೇರೆ. ಅರಸರ ಕಾಲದ ಓಲೆಕಾರ ಅರಸರ ಆಳು. ಪ್ರಜೆಗಳ ಕ್ಷೇಮಸಮಾಚಾರ ಅವನ ಹೊಣೆಯಲ್ಲ. ಜನರ ಸುದ್ದಿ ಸಂತೆಗೆ ಹೋಗಿಬರುವವರ, ಜಾತ್ರೆಗೆ ಬಂದ ನಂಟರ, ಹೇರು ಹೊತ್ತ ಎತ್ತುಗಳ ಹಿಂದೆ ಬರುವವರ ಬಾಯಲ್ಲಿ ಸಾಗುತ್ತಿತ್ತು. ಮೈಸೂರಿನಲ್ಲಿ ವ್ಯವಸ್ಥಿತ ಅಂಚೆಯನ್ನು ಕಟ್ಟಿದವನು 17ನೆಯ ಶತಮಾನದ ಕೊನೆಯ ದಶಕಗಳಲ್ಲಿ ಆಳಿದ ಚಿಕ್ಕದೇವರಾಜ ಒಡೆಯ. ಕೆಳದಿಯ ನಾಯಕರ ಕೈಯಲ್ಲಿದ್ದ ಶಿಕಾರಿಪುರ, ಸೊರಬಗಳು ಆಗ ಅದರ ಹೊರಗಿದ್ದವು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ಈ ಸೀಮೆ ಮೈಸೂರಿಗೆ ಸೇರಿತು, ಮೈಸೂರಿನ ಅಂಚೆಯೂ ಆಡಳಿತದ ಬೆನ್ನಿಗೇ ಬಂತು.

ಆ ಅಂಚೆ ಏನಾಗಿತ್ತೆಂಬುದನ್ನು ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ನಿಷ್ಠುರವಾಗಿ ಹೇಳಿದ್ದಾನೆ. ಅಂಚೆಯ ಮೇಲಿನವರು ಅರಮನೆಯ ನಂಬಿಕೆಯ ಜನ, ಕೆಳಗಿನವರು ಬಹಿರಂಗವಾಗಿಯೇ ಬೇಹಿನವರು. ತಾವಿದ್ದ ಜಿಲ್ಲೆಯ ಗುಟ್ಟನ್ನೆಲ್ಲ ಗೋಪ್ಯವಾಗಿ ಮೇಲಕ್ಕೆ ವರದಿ ಮಾಡುತ್ತಿದ್ದರು. ಚಿಕ್ಕದೇವರಾಜ ಇದಕ್ಕೆ ರೂಪ ಕೊಟ್ಟ, ಹೈದರ್ ಇದನ್ನು ಇನ್ನಷ್ಟು ಭಯಂಕರವಾಗಿ ಪಕ್ವಗೊಳಿಸಿದ ಎನ್ನುವುದು ವಿಲ್ಕ್ಸ್‌ನ ಅಭಿಪ್ರಾಯ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದವನ ಮಾತು ಇದೆಂಬುದನ್ನು ನೆನಪಿಟ್ಟುಕೊಂಡರೂ ಒಂದು ವಿಷಯ ಉಳಿಯುತ್ತದೆ. ಅಮಲ್ದಾರನ ಮೇಲಿನ ದೂರು ಅರಸನ ಕಿವಿಗೆ ಬೀಳಲು ಈ ಅಂಚೆ ಒಂದು ಹಾದಿಯಾಗಿತ್ತು, ಆದರೆ ದೂರಿದವನಿಗೆ ಅದರಿಂದ ಉತ್ತರ ಬರುತ್ತಿರಲಿಲ್ಲ. ಮೇಲಕ್ಕೆ ಮಾತ್ರ ಹರಿಯುವ ಅಂಚೆ ಅದು.

ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ಹಂಸ ಶಬ್ದದ ತದ್ಭವ. ನಳ ದಮಯಂತಿಯರ ನಡುವೆ ಸಂದೇಶ ಒಯ್ದದ್ದೂ ಹಂಸವೇ ಆದ್ದರಿಂದ ಟಪಾಲಿನ ಅಂಚೆಗೂ ಹಕ್ಕಿಗೂ ನಂಟು ಕಟ್ಟುವುದು ಕನ್ನಡಿಗರಿಗೆ ಪ್ರಿಯವಾದ ಕಲ್ಪನೆ. ವಿಲ್ಕ್ಸ್ ಬಣ್ಣಿಸಿದ ಅಂಚೆಯಲ್ಲಿ ಹಂಸದ ಗುಣ ಹುಡುಕುವುದು ಕಷ್ಟ. ಬಳಕೆಯಲ್ಲಂತೂ ಸೊರಬ ಶಿಕಾರಿಪುರದ ಕಡೆ ಟಪಾಲು ಎಂಬ ಮಾತೂ ಕೇಳುತ್ತಿತ್ತು.

ಉತ್ತರ ಬಾರದ ಅಹವಾಲು ಎಲ್ಲಿಗೆ ಮುಟ್ಟಬಹುದೆಂದು ಈ ಸೀಮೆ 1830ರಲ್ಲಿ ಕಂಡಿತು. ಕಂದಾಯ ವಸೂಲಿಯನ್ನು ಕರಾರಿನ ಮೇಲೆ ಒಪ್ಪಿಸುವ ಶರ್ತಿನ ಪದ್ಧತಿಯಲ್ಲಿ, ಈ ಸೀಮೆಯೂ ಸೇರಿದ್ದ ನಗರ ಫೌಜುದಾರಿಯ ರೈತರು ನಲುಗಿದ್ದರು. ಅರ್ಜಿಗಳು ಹೋದವು, ಪರಿಹಾರ ಬರಲಿಲ್ಲ. ರೈತರು ಕೂಟ ಸೇರಿದರು, ಬೂದಿ ಬಸವಪ್ಪ ನಗರದ ಗಾದಿ ತನ್ನದೆಂದು ಎದ್ದು ನಿಂತ, ದಂಗೆ ಹಬ್ಬಿತು. 1831ರಲ್ಲಿ ಕಂಪನಿ ಸರಕಾರ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡಿತು. ದಂಗೆಗೆ ಕಾರಣಗಳು ಹಲವು. ಕೇಳುವವರಿಲ್ಲದ ದೂರು ಅವುಗಳಲ್ಲಿ ಒಂದು.

ಕಮಿಷನರುಗಳ ಆಡಳಿತದಲ್ಲಿ ಅಂಚೆ ಒಂದು ಇಲಾಖೆಯಾಗಿ ಮುಂದುವರಿಯಿತು. ಬ್ರಿಟಿಷ್ ಇಂಡಿಯಾದ ಟಪಾಲು ಅದರ ಪಕ್ಕದಲ್ಲೇ ಬೇರೆಯಾಗಿ ಇತ್ತು. ತಾಳಗುಂದದಂಥ ಗಡಿಸೀಮೆಗೆ ಇದು ಸಣ್ಣ ತೊಡಕಲ್ಲ. ಕದಂಬರ ರಾಜಧಾನಿ ಬನವಾಸಿ ಸೊರಬದ ಪಕ್ಕದಲ್ಲೇ ಇದ್ದರೂ ಅದು ಉತ್ತರ ಕನ್ನಡ ಜಿಲ್ಲೆಗೆ ಸೇರಿದ್ದು, ಆ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತ್ಯದ ಪಾಲಾಯಿತು. ಹಾನಗಲ್ಲು, ಹಿರೇಕೆರೂರುಗಳೂ ಮುಂಬಯಿಗೇ ಸೇರಿದ್ದವು. ಹೆಣ್ಣು ಕೊಟ್ಟು ತಂದುಕೊಳ್ಳುವ ಊರುಗಳ ನಡುವಿನ ಓಲೆಯೂ ಮೈಸೂರಿನ ಅಂಚೆಯಿಂದ ಇಂಗ್ಲಿಷರ ಟಪಾಲಿಗೆ ಕೈ ಬದಲಾಗಬೇಕು. ಎರಡು ಇಲಾಖೆಗಳ ಸಂದಿಯಲ್ಲಿ ಬಿದ್ದ ಕಾಗದಕ್ಕೆ ಯಾರು ಜವಾಬ್ದಾರರೆಂಬ ಪ್ರಶ್ನೆ ಹುಟ್ಟುವುದೇ ಇಂಥ ಕಡೆ.

ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳು ತಮ್ಮ ಅಂಚಲ್ ಸೇವೆಯನ್ನು 1951ರ ತನಕ ಉಳಿಸಿಕೊಂಡು ಸ್ವಂತ ಅಂಚೆಚೀಟಿಗಳನ್ನೂ ಹೊರಡಿಸಿದವು. ಮೈಸೂರು ಸ್ವಂತ ಚೀಟಿ ಹೊರಡಿಸಲಿಲ್ಲ. 1889ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರಿನ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಲೀನವಾಯಿತು. ಸೇವೆಯ ದೃಷ್ಟಿಯಿಂದ ಲಾಭವೇ ಆಯಿತು: 1879ರಿಂದ ಚಾಲ್ತಿಯಲ್ಲಿದ್ದ ಕಾಲಾಣೆಯ ಕಾರ್ಡು, 1880ರ ಮನಿಯಾರ್ಡರು, 1882ರ ಉಳಿತಾಯ ಖಾತೆ ಎಲ್ಲವೂ ಒಂದೇ ಕಿಟಕಿಯಲ್ಲಿ ಸಿಗುವ ಹಾಗಾಯಿತು. ದೂರಿನ ದೃಷ್ಟಿಯಿಂದ ಅಷ್ಟೇ ನಷ್ಟ. ದಿವಾನ ರಂಗಾಚಾರ್ಲು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ ತಾಲ್ಲೂಕುಗಳ ಪ್ರತಿನಿಧಿಗಳು ದಸರೆಯ ಹೊತ್ತಿಗೆ ಮೈಸೂರಿಗೆ ಬಂದು ದಿವಾನರ ಎದುರೇ ಕುಂದುಕೊರತೆ ಹೇಳಿಕೊಳ್ಳಬಹುದಿತ್ತು. ಕೆರೆ, ರಸ್ತೆ, ಶಾಲೆ, ಕಂದಾಯ ದಿವಾನರ ಕೈಯಲ್ಲಿದ್ದವು. 1889ರ ಮೇಲೆ ಟಪಾಲು ಅವರ ಕೈಯಲ್ಲಿರಲಿಲ್ಲ. ಶಿಕಾರಿಪುರದ ಕಾಗದಕ್ಕೆ ಉತ್ತರ ಹೇಳಬೇಕಾದವರು ಈಗ ಭಾರತ ಸರಕಾರದ ಅಧಿಕಾರಿಗಳು. ಆ ಸರಕಾರ ಇದ್ದದ್ದು ಕಲ್ಕತ್ತೆಯಲ್ಲಿ.

ಈ ನಡುವೆ ಕಾಗದ ಹೊತ್ತು ಓಡಿದವನು ಹರಕಾರ. ಈಟಿಗೋ ದೊಣ್ಣೆಗೋ ಗೆಜ್ಜೆ ಕಟ್ಟಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು ಐದಾರು ಮೈಲಿಯ ತನ್ನ ಪಾಲಿನ ಹಾದಿ ಓಡಿ ಮುಂದಿನವನಿಗೆ ಚೀಲ ಒಪ್ಪಿಸುವುದು ಅವನ ಕೆಲಸ. ಗೆಜ್ಜೆ ಕಾಡುಮೃಗಗಳಿಗೆ ಎಚ್ಚರಿಕೆ, ಮುಂದಿನ ಠಾಣೆಯವನಿಗೆ ಮುನ್ಸೂಚನೆ. ಮಳೆಗಾಲದಲ್ಲಿ ವರದೆ, ದಂಡಾವತಿ, ಕುಮುದ್ವತಿಗಳು ತುಂಬಿ ಹರಿವಾಗ ಚೀಲ ದಡದಲ್ಲೇ ಕಾಯಬೇಕು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮುಂದಕ್ಕೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬಗಳ ಟಪಾಲು ರಸ್ತೆಯಲ್ಲೇ ಬರಬೇಕಿತ್ತು. ಸಾಗರದ ಕಡೆ ಹೋದ ಹಳಿ 1940ರಲ್ಲಿ ತಾಳಗುಪ್ಪದಲ್ಲಿ ನಿಂತಿತು, ಶಿಕಾರಿಪುರದ ಕಡೆ ತಿರುಗಲಿಲ್ಲ.

ಸೇವೆಯ ಮೇಲೆ ಜನಕ್ಕಿದ್ದ ಅಪನಂಬಿಕೆ ದೂರುಗಳಿಗಿಂತ ಹೆಚ್ಚಾಗಿ ರೂಢಿಗಳಲ್ಲಿ ಕಾಣುತ್ತದೆ. ಬೇರಿಂಗ್ ಕಾಗದ ಅಂಥದೊಂದು. ಚೀಟಿ ಹಚ್ಚದೆ ಹಾಕಿದ ಕಾಗದವನ್ನು ಪಡೆಯುವವರು ಎರಡರಷ್ಟು ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ದುಬಾರಿಯಾದರೂ ಅದನ್ನೇ ಮೆಚ್ಚುವವರಿದ್ದರು. ಏಕೆಂದರೆ ದುಡ್ಡು ವಸೂಲಾಗಬೇಕಾದ ಕಾಗದವನ್ನು ಅಂಚೆಯವರು ಕಳೆಯುವುದಿಲ್ಲ, ಹುಡುಕಿಕೊಂಡು ಬಂದು ಕೊಡುತ್ತಾರೆ. ಮುಂಗಡ ಕೊಟ್ಟವನ ಕಾಗದಕ್ಕೆ ಕೇಳುವವರಿಲ್ಲ, ಬಾಕಿ ಇಟ್ಟವನ ಕಾಗದಕ್ಕೆ ಇದ್ದಾರೆ. ಲೆಕ್ಕ ಸರಿಯಾಗಿಯೇ ಇದೆ. ಇನ್ನು ಕೆಲವರು ಮೇಲಿನ ಗುರುತಿನಲ್ಲೇ ಸಂದೇಶ ಅಡಗಿಸಿ, ಪಡೆಯುವವರು ಅದನ್ನು ನೋಡಿ ಕಾಗದ ಬೇಡವೆಂದು ಹಿಂದಿರುಗಿಸುವ ಉಪಾಯ ಮಾಡುತ್ತಿದ್ದರು. ಆಟ ಅಂಚೆಗೇ ತಿರುಗಿಬಿತ್ತು.

ಸಾವಿನ ಕಾಗದದ ರೂಢಿ ಇನ್ನೂ ಹಳೆಯದೊಂದು ತಿಳಿವಳಿಕೆಯನ್ನು ಹೊತ್ತಿದೆ. ಮದುವೆ ಕಾಗದದ ಮೂಲೆಗೆ ಅರಿಶಿನ ಕುಂಕುಮ. ಸಾವಿನ ಕಾರ್ಡಿನ ಮೂಲೆ ಹರಿದಿರುತ್ತಿತ್ತು, ಓದಿದ ಕೂಡಲೇ ಹರಿದು ಬಿಸಾಡಬೇಕು. ಮಳೆಗಾಲದ ಮಲೆನಾಡಿನಲ್ಲಿ ಇಂಥ ಕಾರ್ಡು ಹತ್ತನೆಯ ದಿನ ಕಳೆದ ಮೇಲೆ ತಲುಪುವುದು ಹೊಸತೇನಲ್ಲ. ಧರ್ಮಶಾಸ್ತ್ರ ಇದಕ್ಕೂ ಲೆಕ್ಕ ಹಾಕಿಟ್ಟಿದೆ. ಮನುಸ್ಮೃತಿಯ ಪ್ರಕಾರ ಹತ್ತು ದಿನದೊಳಗೆ ಸುದ್ದಿ ಮುಟ್ಟಿದರೆ ಉಳಿದ ದಿನಗಳಷ್ಟು ಸೂತಕ, ಹತ್ತು ದಿನ ದಾಟಿದ್ದರೆ ಮೂರು ರಾತ್ರಿ, ವರುಷ ಕಳೆದಿದ್ದರೆ ಸ್ನಾನ ಮಾಡಿದರೆ ಸಾಕು. ಸುದ್ದಿ ತಡವಾಗಿಯೇ ಬರುತ್ತದೆಂದು ಮೊದಲೇ ಒಪ್ಪಿಕೊಂಡ ವ್ಯವಸ್ಥೆ ಇದು. ಅಂಚೆ ಇಲಾಖೆಯ ಯಾವ ಕಾಯ್ದೆಯೂ ತಡವನ್ನು ಇಷ್ಟು ಸ್ಪಷ್ಟವಾಗಿ ಎದುರಿಸಿಲ್ಲ.

ಹಳ್ಳಿಯಲ್ಲಿ ಅಂಚೆಯ ಮುಖ ಎಂದರೆ ಶಾಖಾ ಅಂಚೆ ಕಚೇರಿ, ಅದೂ ಬಹಳ ಕಡೆ ಶಾಲೆಯ ಮೇಷ್ಟರ ಮನೆಯ ಜಗಲಿ ಅಥವಾ ಕಿರಾಣಿ ಅಂಗಡಿಯ ಒಂದು ಮೂಲೆ. ಇಲಾಖೆಯ ಲೆಕ್ಕದಲ್ಲಿ ಅದನ್ನು ನಡೆಸುವವರು ಇಲಾಖೆಯ ಹೊರಗಿನವರು. ದೀರ್ಘಕಾಲ ಇ.ಡಿ. ಎಂಬ ಎರಡಕ್ಷರ ಇವರ ಹೆಸರಿಗೆ ಅಂಟಿಕೊಂಡಿತ್ತು. 2001ರಲ್ಲಿ ಗ್ರಾಮೀಣ ಡಾಕ್ ಸೇವಕರೆಂಬ ಹೆಸರು ಬಂತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದ ಅಂಚೆ ಕಚೇರಿಗಳು 23,344; ಈಗ ಒಂದೂವರೆ ಲಕ್ಷಕ್ಕೂ ಮೀರಿವೆ. ಈ ಬೆಳವಣಿಗೆಯ ಬಹುಪಾಲು ಇಂಥ ಜಗಲಿ ಕಚೇರಿಗಳದು. ಅಕ್ಷರ ಬಾರದ ಮನೆಗಳಿಗೆ ಕಾಗದ ಓದಿ ಹೇಳುವವನೂ, ಉತ್ತರ ಬರೆದುಕೊಡುವವನೂ, ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವನೂ ಅಂಚೆಯವನೇ. ಕಾಗದ ಬರದಿದ್ದರೆ ಬೈಸಿಕೊಳ್ಳುವವನೂ ಅವನೇ. ತಪ್ಪು ಶಿವಮೊಗ್ಗದಲ್ಲಾಗಿರಲಿ, ರೈಲಿನ ವಿಂಗಡಣೆಯಲ್ಲಾಗಿರಲಿ, ಬೈಗುಳಕ್ಕೆ ಮುಖವೊಂದು ಇತ್ತು. ಗ್ರಾಹಕ ಸೇವೆ ಎಂಬ ಮಾತು ಹುಟ್ಟುವ ಮೊದಲೇ ಆ ಸೇವೆ ಜಗಲಿಯ ಮೇಲೆ ಕೂತು ನಡೆಯುತ್ತಿತ್ತು.

ಜಗಲಿಯ ಮೇಲಿನ ಕಾಯ್ದೆ ಮಾತ್ರ ಬೇರೆ ದನಿಯಲ್ಲಿ ಮಾತಾಡುತ್ತಿತ್ತು. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 6ನೆಯ ಕಲಮಿನ ಪ್ರಕಾರ, ಅಂಚೆಯಲ್ಲಿ ಸಾಗುವ ವಸ್ತು ಕಳೆದುಹೋದರೆ, ತಪ್ಪು ಕೈಗೆ ಸೇರಿದರೆ, ತಡವಾದರೆ, ಹಾಳಾದರೆ ಸರಕಾರ ಹೊಣೆಯಾಗಿರಲಿಲ್ಲ. ಸ್ಪಷ್ಟ ಮಾತಿನಲ್ಲಿ ತಾನೇ ವಹಿಸಿಕೊಂಡ ಹೊಣೆಯಷ್ಟೇ ಅದರದಾಗಿತ್ತು. ನೌಕರನೂ ಮೋಸದಿಂದಲೋ ಬೇಕೆಂದೋ ಮಾಡಿದ್ದಲ್ಲದೆ ಹೊಣೆಗಾರನಾಗಿರಲಿಲ್ಲ. ವಿಮೆ ಮಾಡಿಸಿದ ಲಕೋಟೆ, ರಿಜಿಸ್ಟರ್ ಮಾಡಿದ ಕಾಗದ ಇವುಗಳಿಗೆ ನಿಯಮದಷ್ಟು ಪರಿಹಾರ ಸಿಗಬಹುದಿತ್ತು. ಸಾದಾ ಕಾರ್ಡು ಕಳೆದವನಿಗೆ ಸಿಗುತ್ತಿದ್ದದ್ದು ವಿಚಾರಿಸುತ್ತೇವೆಂಬ ಒಕ್ಕಣೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆಗೆ ಪರಿಹಾರ ಕೊಡಿಸುವ ವೇದಿಕೆಗಳನ್ನು ಜಿಲ್ಲೆಗಳಿಗೆ ತಂದಾಗಲೂ, ಅಂಚೆಯ ಪ್ರಕರಣಗಳಲ್ಲಿ ಇಲಾಖೆ ಮೊದಲು ಮುಂದಿಟ್ಟದ್ದು ಈ 6ನೆಯ ಕಲಮನ್ನೇ. 2023ರ ಹೊಸ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಗೆ ಬಂದು ಹಳೆಯದನ್ನು ತೆಗೆದುಹಾಕಿತು, ಈ ವಿನಾಯಿತಿಯನ್ನು ಮಾತ್ರ ಹೊಸ ಮಾತಿನಲ್ಲಿ ಉಳಿಸಿಕೊಂಡಿತು.

ಕಾಗದ ದಾರಿತಪ್ಪಲು ಊರಿನ ಹೆಸರುಗಳೂ ಕಾರಣವಾಗುತ್ತಿದ್ದವು. ಇಂಗ್ಲಿಷ್ ದಾಖಲೆಗಳಲ್ಲಿ ಶಿಕಾರಿಪುರವನ್ನು ಬಹುಕಾಲ ಶಿಕಾರ್‌ಪುರ ಎಂದೇ ಬರೆಯುತ್ತಿದ್ದರು. ಸಿಂಧ್‌ನಲ್ಲಿ ವ್ಯಾಪಾರಕ್ಕೆ ಹೆಸರಾದ ಶಿಕಾರ್‌ಪುರವಿದೆ, ಉತ್ತರ ಪ್ರದೇಶದ ಬುಲಂದ್‌ಶಹರದ ಬಳಿ ಇನ್ನೊಂದಿದೆ. ತಾಳಗುಂದಕ್ಕೆ ಶಿವಮೊಗ್ಗ ಜಿಲ್ಲೆಯೊಳಗೇ ತಾಳಗುಪ್ಪದಂಥ ಸೋದರನಿದ್ದಾನೆ. ಅವಸರದ ಕೈಬರಹದಲ್ಲಿ ಎರಡಕ್ಕೂ ಅಂತರ ಕಡಿಮೆ. ವಿಳಾಸ ಹತ್ತದ ಕಾಗದಗಳ ಕೊನೆಯ ನಿಲ್ದಾಣಕ್ಕೆ ಮೊದಲು ಸತ್ತ ಕಾಗದಗಳ ಕಚೇರಿ ಎಂದೇ ಇಂಗ್ಲಿಷಿನಲ್ಲಿ ಹೆಸರಿತ್ತು. ಆಮೇಲೆ ಸೌಮ್ಯವಾಗಿ ಹಿಂದಿರುಗಿದ ಕಾಗದಗಳ ಕಚೇರಿ ಎಂದಾಯಿತು. ಲಕೋಟೆ ಒಡೆದು ಒಳಗಿನ ಗುರುತು ಹಿಡಿದು ಕಳಿಸಿದವರಿಗೆ ಮರಳಿಸುವ ಅಧಿಕಾರ ಅಲ್ಲಿಯವರಿಗೆ ಮಾತ್ರ. ಕಾಗದ ಸತ್ತಿತೆಂದು ತಿಳಿಯುವುದಕ್ಕಾದರೂ ಒಂದು ಕಚೇರಿ ಇತ್ತೆನ್ನುವುದು ಮುಂದಿನ ಕಾಲದ ಕಣ್ಣಿಗೆ ದೊಡ್ಡ ಸೌಲಭ್ಯವಾಗಿ ಕಾಣುತ್ತದೆ.

ಹೆಸರಿನ ಗೊಂದಲಕ್ಕೆ ಮದ್ದಾಗಿ ಶ್ರೀರಾಮ ಭಿಕಾಜಿ ವೇಲಣಕರ ರೂಪಿಸಿದ ಆರಂಕಿಯ ಪಿನ್ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ವೇಲಣಕರರು ಸಂಸ್ಕೃತ ಕವಿಯೂ ಹೌದು. ಶಿಕಾರಿಪುರಕ್ಕೆ 577427, ಸೊರಬಕ್ಕೆ 577429. ಮೊದಲ ಮೂರಂಕಿ 577ರಲ್ಲಿ ಇಂದಿನ ಶಿವಮೊಗ್ಗದ ಜೊತೆಗೆ ದಾವಣಗೆರೆ, ಚಿಕ್ಕಮಗಳೂರು, ಚಿತ್ರದುರ್ಗಗಳ ಊರುಗಳೂ ಸೇರುತ್ತವೆ. ಜಿಲ್ಲೆಗಳ ಗಡಿ ಬದಲಾದರೂ ವಿಂಗಡಣೆಯ ಗಡಿ ಬದಲಾಗಲಿಲ್ಲ.

ತಂತಿ, ಟ್ರಂಕ್‌ಕಾಲ್, ಎಸ್.ಟಿ.ಡಿ. ಬೂತುಗಳ ಕಾಲ ಬೇಗ ಕಳೆಯಿತು. ತಂತಿ ಸೇವೆ 2013ರ ಜುಲೈಯಲ್ಲಿ ನಿಂತಾಗ ಅದನ್ನು ನೆನೆದವರು ಹೆಚ್ಚು, ಬಳಸುತ್ತಿದ್ದವರು ಕಡಿಮೆ. ಕಥೆ ಮತ್ತೆ ದಟ್ಟವಾಗುವುದು ಮಿಂಚಂಚೆಯಿಂದ.

ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲ ಸೇವೆ ತೆರೆದಾಗ ಮಹಾನಗರಗಳಲ್ಲೇ ಅದು ತಡವರಿಸಿತು. ಚಂದಾ ದುಬಾರಿ, ಮೋಡೆಮ್ಮುಗಳು ಸಾಲವು, ಸಾಲು ಸಿಕ್ಕರೆ ನಡುವೆ ಕಡಿಯುವುದು. ನಿಗಮದ ಆಗಿನ ಮುಖ್ಯಸ್ಥ ಬಿ.ಕೆ. ಸಿಂಗಲ್ ಎಡವಿದ್ದನ್ನು ಬಹಿರಂಗವಾಗಿಯೇ ಒಪ್ಪಿಕೊಂಡರು. ದೇಶದ ಸಾರ್ವಜನಿಕ ಅಂತರಜಾಲದ ಚರಿತ್ರೆ ಹೀಗೆ ಒಂದು ತಪ್ಪೊಪ್ಪಿಗೆಯಿಂದ ಶುರುವಾಯಿತು. ಅಂಥದು ಆಮೇಲೆ ಅಪರೂಪ. ಜಿಲ್ಲೆ ತಾಲ್ಲೂಕುಗಳಿಗೆ ಅಂತರಜಾಲ ಇಳಿದದ್ದು ದೂರಸಂಪರ್ಕ ಇಲಾಖೆಯ, 2000ದ ಅಕ್ಟೋಬರಿನಿಂದ ಬಿ.ಎಸ್.ಎನ್.ಎಲ್.ನ, ಡಯಲ್‌ಅಪ್ ಸಂಪರ್ಕಗಳ ಮೂಲಕ. ಅರೆಮಲೆನಾಡಿನಲ್ಲಿ ಅದಕ್ಕೆ ಇನ್ನೆರಡು ಶರತ್ತುಗಳಿದ್ದವು: ಕರೆಂಟು ಇರಬೇಕು, ಮರ ಬಿದ್ದು ತಂತಿ ಹರಿದಿರಬಾರದು. ತುಂಬಿದ ಹೊಳೆಯ ದಡದಲ್ಲಿ ಚೀಲ ಹೊತ್ತು ನಿಂತ ಹರಕಾರನ ಜಾಗದಲ್ಲಿ ಈಗ ಚೀಂಗುಟ್ಟುವ ಮೋಡೆಮ್ ನಿಂತಿತ್ತು.

ಕನ್ನಡದಲ್ಲಿ ಬರೆಯುವವರಿಗೆ ಕಷ್ಟ ಇಮ್ಮಡಿ. ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂತಿದ್ದವು. ಕಳಿಸಿದವನ ಕಂಪ್ಯೂಟರಿನಲ್ಲಿದ್ದ ಫಾಂಟು ಪಡೆದವನಲ್ಲಿ ಇಲ್ಲದಿದ್ದರೆ ಒಕ್ಕಣೆಯ ಬದಲು ಅರ್ಥವಿಲ್ಲದ ಚಿಹ್ನೆಗಳ ರಾಶಿ ತೆರೆದುಕೊಳ್ಳುತ್ತಿತ್ತು. ಕಾಗದ ತಲುಪಿದೆ, ಓದಲಾಗುವುದಿಲ್ಲ: ತಾಳಗುಂದದ ಕಂಬದ ಹಳೆಯ ಸ್ಥಿತಿಯೇ. ಕಂಗ್ಲಿಷಿನಲ್ಲಿ ಬರೆಯುವುದು, ಚಿತ್ರವಾಗಿಯೋ ಪಿ.ಡಿ.ಎಫ್. ಆಗಿಯೋ ಕಳಿಸುವುದು ಆಗಿನ ದಾರಿಗಳು. ಯುನಿಕೋಡ್ ಬಳಕೆ ಹರಡಿದ ಮೇಲೆ ಈ ತೊಂದರೆ ತಗ್ಗಿತು. ಹಳೆಯ ಫಾಂಟಿನ ಕಡತಗಳು ಕಚೇರಿಗಳಲ್ಲಿ ಇನ್ನೂ ಕಾಣಸಿಗುತ್ತವೆ.

ಮಿಂಚಂಚೆ ಸಾಗುವ ಬಗೆ ನೋಡಿದರೆ ಅದು ಹರಕಾ‌ರರ ಸಾಲೇ. ಒಂದು ಸರ್ವರ್ ಪಡೆದು ಇಟ್ಟುಕೊಂಡು ಮುಂದಿನದಕ್ಕೆ ಒಪ್ಪಿಸುತ್ತದೆ. ಮುಂದಿನದು ಸಿಗದಿದ್ದರೆ ಕಾದು ಮತ್ತೆ ಯತ್ನಿಸುತ್ತದೆ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್.ಎಂ.ಟಿ.ಪಿ. ನಿಯಮಗಳು ಇದರ ತಳಹದಿ. 1989ರಲ್ಲಿ ಸೇರಿದ ವಿವರಣೆ ಗಮನಿಸಬೇಕಾದದ್ದು: ಸಂದೇಶವೊಂದನ್ನು ಸ್ವೀಕರಿಸಿದ ಸರ್ವರ್ ಅದನ್ನು ತಲುಪಿಸುವ ಹೊಣೆಯನ್ನೂ ಸ್ವೀಕರಿಸಿದಂತೆ, ಕ್ಷುಲ್ಲಕ ಕಾರಣಕ್ಕೆ ಅದನ್ನು ಕಳೆಯಕೂಡದು, ತಲುಪಿಸಲಾಗದಿದ್ದರೆ ಕಳಿಸಿದವನಿಗೆ ತಿಳಿಸಬೇಕು. 1898ರ ಕಾಯ್ದೆ ಹೊಣೆಯಿಲ್ಲವೆಂದು ಎಲ್ಲಿ ಹೇಳುತ್ತಿತ್ತೋ ಅಲ್ಲೇ ಈ ನಿಯಮ ಹೊಣೆಯಿದೆ ಎನ್ನುತ್ತದೆ. ಆದರೆ ಅಂಚೆಯ ಕಾಯ್ದೆಯ ಹಿಂದೆ ಸರಕಾರವಿದೆ, ಈ ನಿಯಮದ ಹಿಂದೆ ಇಂಜಿನಿಯರುಗಳ ಒಡಂಬಡಿಕೆಯಷ್ಟೇ. ಬೇಡದ ಜಾಹೀರಾತು ಕಾಗದಗಳ ಹಾವಳಿ ಹೆಚ್ಚಿದ ಮೇಲೆ ಸೋಸುವ ವ್ಯವಸ್ಥೆಗಳು ಬಂದವು. ಅವುಗಳ ಕೈಗೆ ಸಿಕ್ಕ ನಿಜವಾದ ಕಾಗದ ಕಳಿಸಿದವನಿಗೂ ಪಡೆಯಬೇಕಾದವನಿಗೂ ಗೊತ್ತಾಗದಂತೆ ಮೂಲೆಗೆ ಬೀಳಬಹುದು. ಹಿಂದಿರುಗಿದ ಕಾಗದಗಳ ಕಚೇರಿಯಂಥದು ಅದಕ್ಕಿಲ್ಲ.

ದೂರು ಕೊಡಲು ಹೋದಾಗ ಇನ್ನೊಂದು ಗೋಡೆ. ಬೆಂಗಳೂರಿನ ಶಾಲೆಯಲ್ಲೂ ಓದಿದ್ದ ಸಬೀರ್ ಭಾಟಿಯಾ 1996ರಲ್ಲಿ ಜೊತೆಗಾರರೊಂದಿಗೆ ಹಾಟ್‌ಮೇಲ್ ಆರಂಭಿಸಿದ ಮೇಲೆ, ಮತ್ತು 2004ರಲ್ಲಿ ಜಿಮೇಲ್ ಬಂದ ಮೇಲೆ, ಬಹುತೇಕರ ಮಿಂಚಂಚೆ ಪುಕ್ಕಟೆಯದು. ಭಾರತದ ಗ್ರಾಹಕ ಸಂರಕ್ಷಣಾ ಕಾಯ್ದೆ, 1986ರದೂ 2019ರದೂ, ಉಚಿತವಾಗಿ ಕೊಟ್ಟದ್ದನ್ನು ಸೇವೆಯೆಂದು ಲೆಕ್ಕಿಸುವುದಿಲ್ಲ. ಕಾಸು ಕೊಟ್ಟು ಕಾರ್ಡು ಹಾಕಿದವನಿಗೆ ಅಂಚೆ ಕಾಯ್ದೆ ಅಡ್ಡ, ಕಾಸಿಲ್ಲದೆ ಮಿಂಚಂಚೆ ಕಳಿಸಿದವನಿಗೆ ಗ್ರಾಹಕ ಕಾಯ್ದೆಯೇ ಸಿಗದು. ಬೇರಿಂಗ್ ಕಾಗದದ ಜಾಣರು ಇದ್ದಿದ್ದರೆ ನಕ್ಕುಬಿಡುತ್ತಿದ್ದರು. ಖಾತೆಯ ಗುಪ್ತಪದ ಮರೆತವನು, ಕಳೆದುಹೋದ ಹಳೆಯ ಮೊಬೈಲ್ ನಂಬರಿಗೆ ಬರುವ ಓ.ಟಿ.ಪಿ. ಇಲ್ಲದೆ ತನ್ನ ಪೆಟ್ಟಿಗೆಯ ಹೊರಗೇ ನಿಂತವನು ಬರೆದ ಅರ್ಜಿಗೆ ಯಂತ್ರ ಸಿದ್ಧಪಡಿಸಿದ ಉತ್ತರ ಬರುತ್ತದೆ. ಅದಕ್ಕೆ ಮರುತ್ತರ ಬರೆದರೆ ಆ ವಿಳಾಸಕ್ಕೆ ಬರೆಯಬೇಡಿರೆಂದು ಇನ್ನೊಂದು ಬರುತ್ತದೆ. ಇದೇ ವರ್ಷಗಳಲ್ಲಿ ಬೆಂಗಳೂರಿನ ಕಾಲ್‌ಸೆಂಟರುಗಳಲ್ಲಿ ಊರೂರಿನಿಂದ ಬಂದ ಹುಡುಗ ಹುಡುಗಿಯರು ರಾತ್ರಿಯಿಡೀ ಕೂತು ಅಮೆರಿಕದವರ ತಕರಾರುಗಳಿಗೆ ಅವರದೇ ಉಚ್ಚಾರಣೆಯಲ್ಲಿ ಉತ್ತರ ಹೇಳುತ್ತಿದ್ದರು. ಊರಿನಲ್ಲಿದ್ದ ಅಪ್ಪನ ಫೋನಿನ ತಕರಾರಿಗೆ ಕನ್ನಡದಲ್ಲಿ ಕಿವಿಗೊಡುವವರು ಸಿಗುವುದು ಕಷ್ಟವಾಗಿತ್ತು.

ಕೇಂದ್ರದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಮಿಂಚಂಚೆಯ ದೂರಿಗೆ ಉತ್ತರ ಬಾರದ ಸ್ಥಿತಿಗೆ ಒಂದು ಗಡಿ ಹಾಕಿದವು. ಜನರ ಸಂದೇಶಗಳನ್ನು ಪಡೆದು, ಇಟ್ಟು, ಸಾಗಿಸುವ ಮಧ್ಯವರ್ತಿ ಸಂಸ್ಥೆ ಕುಂದುಕೊರತೆ ಅಧಿಕಾರಿಯ ಹೆಸರನ್ನು ಪ್ರಕಟಿಸಬೇಕು, ದೂರು ಬಂದ 24 ಗಂಟೆಯೊಳಗೆ ಮುಟ್ಟಿತೆನ್ನಬೇಕು, ಗೊತ್ತುಮಾಡಿದ ದಿನಗಳೊಳಗೆ ತೀರ್ಮಾನಿಸಬೇಕು. ನಿಯಮ ಓದಿ ದೂರು ಕೊಡುವವರು ವಿರಳ. ಹೆಸರು ಯಾವ ಪುಟದ ಅಡಿಯಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ.

ರಾಜ್ಯ ಸರಕಾರದ ಕಚೇರಿಗಳ ಮಟ್ಟಿಗೆ ಕರ್ನಾಟಕ ಇದಕ್ಕಿಂತ ಗಟ್ಟಿಯಾದದ್ದೊಂದನ್ನು ಮಾಡಿ ನೋಡಿದೆ. 2011ರ ನಾಗರಿಕ ಸೇವಾ ಖಾತರಿ ಕಾಯ್ದೆ, ಜನರ ಬಾಯಲ್ಲಿ ಸಕಾಲ, 2012ರ ಏಪ್ರಿಲ್‌ನಲ್ಲಿ ರಾಜ್ಯವಿಡೀ ಜಾರಿಗೆ ಬಂತು. ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟವನ ಕೈಗೆ ಒಂದು ಸಂಖ್ಯೆ ಬರುತ್ತದೆ, ಕೆಲಸ ಎಷ್ಟು ದಿನದಲ್ಲಾಗಬೇಕೆಂದು ಮೊದಲೇ ಗೊತ್ತಿರುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ಮೀರದಷ್ಟು ಪರಿಹಾರವನ್ನು ಅರ್ಜಿದಾರ ಕೇಳಬಹುದು, ಅದು ತಪ್ಪಿತಸ್ಥ ನೌಕರನ ಸಂಬಳದಿಂದ ವಸೂಲಾಗಬೇಕು. ಮೊತ್ತ ಸಣ್ಣದು. ತಡಕ್ಕೆ ಬೆಲೆ ಕಟ್ಟಿ, ಅದನ್ನು ಕೊಡಬೇಕಾದವರನ್ನೂ ಗೊತ್ತುಮಾಡಿದ್ದು ಅದರ ಹೆಚ್ಚುಗಾರಿಕೆ. ಅಂಚೆ ಕೇಂದ್ರದ ಇಲಾಖೆಯಾದ್ದರಿಂದ ಸಕಾಲದ ವ್ಯಾಪ್ತಿಗೆ ಬರುವುದಿಲ್ಲ. ಅಂಚೆಯ ದೂರಿಗೆ ಇಲಾಖೆಯೇ ನಡೆಸುವ ಡಾಕ್ ಅದಾಲತ್ತಿನ ದಿನಕ್ಕಾಗಿ ಕಾಯಬೇಕು, ಇಲ್ಲವೇ ಕೇಂದ್ರದ ಕುಂದುಕೊರತೆ ಜಾಲತಾಣಕ್ಕೆ ಹೋಗಬೇಕು. 1889ರಲ್ಲಿ ದಿವಾನರ ಕೈ ತಪ್ಪಿದ್ದು ಇನ್ನೂ ರಾಜ್ಯದ ಕೈಗೆ ಮರಳಿಲ್ಲ.

ಕಾಗದ ತಲುಪಿದ್ದಕ್ಕೆ ಕಳಿಸಿದವನ ಕೈಯಲ್ಲಿ ಉಳಿಯುತ್ತಿದ್ದ ಹಳೆಯ ಪುರಾವೆ ರಿಜಿಸ್ಟರ್ಡ್ ಟಪಾಲಿನ ರಸೀದಿ, ಮತ್ತು ಪಡೆದವನ ಸಹಿ ಹೊತ್ತು ಮರಳಿ ಬರುವ ಎ.ಡಿ. ಕಾರ್ಡು. ಜಮೀನಿನ ತಕರಾರು, ವಕೀಲರ ನೋಟಿಸು, ಪರೀಕ್ಷೆಯ ಅರ್ಜಿ ಎಲ್ಲವೂ ಆ ಕಾರ್ಡನ್ನು ನಂಬಿದ್ದವು. ಹಳ್ಳಿಯ ಮನೆಗಳಲ್ಲಿ ಅದನ್ನು ಪಹಣಿ ಪತ್ರಗಳ ಜೊತೆಗೇ ಟ್ರಂಕಿನಲ್ಲಿಡುತ್ತಿದ್ದರು. 2025ರಲ್ಲಿ ರಿಜಿಸ್ಟರ್ಡ್ ಸೇವೆ 1986ರಲ್ಲಿ ಆರಂಭವಾದ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಕಾಗದ ಯಾವ ಊರು ದಾಟಿತೆಂದು ಈಗ ಫೋನಿನಲ್ಲೇ ನೋಡಬಹುದು. ನಡುದಾರಿಯಲ್ಲಿ ನಿಂತರೆ ಎಲ್ಲಿ ನಿಂತಿದೆಯೆಂದೂ ಅದರಲ್ಲಿ ಕಾಣುತ್ತದೆ, ಏಕೆ ನಿಂತಿದೆಯೆಂದು ಕಾಣುವುದಿಲ್ಲ. ಅದನ್ನು ಕೇಳಲು ಶಿರಾಳಕೊಪ್ಪದ ಅಂಚೆ ಕಚೇರಿಯ ಕಿಟಕಿಗೇ ಹೋಗಬೇಕು.